ಮಳೆಗಾಲದಲ್ಲಿ ಅಪ್ಪನ ಸ್ಮಾರ್ಟ್‌ವಾಚಿನ ಬ್ಯಾಟರಿ ಸಂಜೆವರೆಗೂ ಬರುತ್ತಿಲ್ಲ, ದಾರಿ ಹೇಳಿ

ಸಂಕದಾಚೆ ಮನೆ, ಶಿರಸಿ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಶಿರಸಿಯಿಂದ 22 ಕಿಲೋಮೀಟರ್ ದೂರ, ಘಟ್ಟದ ಅಂಚಿನ ಕಡೆ. ನಾನು ಪೇಟೆಯ ಒಂದು ಸೊಸೈಟಿಯಲ್ಲಿ ಲೆಕ್ಕ ಬರೆಯುತ್ತೇನೆ. ಬೆಳಿಗ್ಗೆ ಎಂಟರ ಬಸ್ಸಿಗೆ ಹೋದರೆ ಮನೆ ಮುಟ್ಟುವುದು ಸಂಜೆ ಆರೂವರೆಗೆ. ಅಷ್ಟು ಹೊತ್ತು ಮನೆಯಲ್ಲಿ ಅಪ್ಪ, ಅಮ್ಮ ಇಬ್ಬರೇ. ಅಪ್ಪನಿಗೆ 71. ಅಮ್ಮನಿಗೆ ಮಂಡಿನೋವು, ತೋಟಕ್ಕೆ ಇಳಿಯಲು ಆಗುವುದಿಲ್ಲ.

ಹೋದ ವರ್ಷ ಆಷಾಢದಲ್ಲಿ ಅಪ್ಪ ತೋಟದ ಸಂಕದ ಮೇಲೆ ಜಾರಿ ಬಿದ್ದರು. ಹಳ್ಳ ದಾಟಲು ಎರಡು ಅಡಿಕೆ ಮರ ಜೋಡಿಸಿ ಹಾಕಿದ ಸಂಕ, ಪೂರ್ತಿ ಪಾಚಿ ಹಿಡಿದಿತ್ತು. ಕಾಲು ಉಳುಕಿ ಏಳಲಾಗದೆ ಹಳ್ಳದ ಬದಿಯಲ್ಲೇ ಒಂದೂವರೆ ಗಂಟೆ ಕೂತಿದ್ದರು. ಕೂ ಹಾಕಿದ್ದಾರೆ, ಮಳೆಯ ಸದ್ದಿಗೆ ಅಮ್ಮನಿಗೆ ಕೇಳಿಸಿಲ್ಲ. ಊಟಕ್ಕೆ ಬರಲಿಲ್ಲವಲ್ಲ ಎಂದು ಪಕ್ಕದ ಮನೆಯವರನ್ನು ಕಳಿಸಿದಾಗಲೇ ಗೊತ್ತಾಗಿದ್ದು. ಆ ದಿನ ನೆನೆದರೆ ಈಗಲೂ ಹೊಟ್ಟೆಯಲ್ಲಿ ತಳಮಳ.

ಅದಾದ ಮೇಲೆ ಬೆಂಗಳೂರಿನಲ್ಲಿರುವ ತಮ್ಮ ಈ ವಾಚ್ ತಂದುಕೊಟ್ಟ. ಬಿದ್ದರೆ ತಾನೇ ಗುರುತಿಸಿ ನಮಗೆ ಫೋನ್ ಮಾಡುತ್ತದೆ. ಇ-ಸಿಮ್, ಅಂದರೆ ವಾಚಿನೊಳಗೇ ಇರುವ ಸಿಮ್ ಕೂಡ ಹಾಕಿಸಿದ್ದಾನೆ. ಅವನೇ ಒಂದು ವಾರ ಕಟ್ಟಿ ನೋಡಿದ್ದ, ಬೆಂಗಳೂರಿನಲ್ಲಿ ಒಂದೂವರೆ ದಿನ ಬಂದಿತ್ತಂತೆ. ಇಲ್ಲಿ ಬ್ಯಾಟರಿ ಬೆಳಿಗ್ಗೆ ಆರಕ್ಕೆ ಶೇಕಡಾ 100 ಇದ್ದದ್ದು ಮಧ್ಯಾಹ್ನ ಊಟದ ಹೊತ್ತಿಗೆ 38. ನಾಲ್ಕೂವರೆಗೆ ಪೂರ್ತಿ ಖಾಲಿ. ಮೂರು ದಿನ ಬರೆದಿಟ್ಟು ನೋಡಿದೆ, ಹೆಚ್ಚುಕಮ್ಮಿ ಇದೇ ಲೆಕ್ಕ. ಅಪ್ಪ ತೋಟದಿಂದ ಹತ್ತಿ ಬರುವುದು ಐದೂವರೆ ಮೇಲೆ. ಅಂದರೆ ಸಂಜೆ ಮಬ್ಬಿನಲ್ಲಿ ಸಂಕ ದಾಟುವಾಗ ಕೈಯಲ್ಲಿರುವುದು ಸತ್ತ ವಾಚ್.

ಕರೆಂಟಿನ ವಿಷಯ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಗಾಳಿಗೆ ಮರ ಬಿದ್ದು ಲೈನ್ ಹರಿದರೆ ಎರಡು ದಿನ, ಮೂರು ದಿನ. ನಮ್ಮ ಇನ್ವರ್ಟರ್ ಮೊದಲ ರಾತ್ರಿ ದಾಟುವುದೇ ಕಷ್ಟ.

ಗೊತ್ತಿದ್ದಷ್ಟು ಮಾಡಿದ್ದೇನೆ. ಬೆಳಕು ಕಡಿಮೆ ಮಾಡಿದೆ. ವಾಚಿನ ಮುಖ ಕಪ್ಪು ಬಣ್ಣದ್ದು ಇಟ್ಟೆ. ಸದಾ ಗಂಟೆ ಕಾಣುವಂತೆ ಇದ್ದದ್ದನ್ನು ತೆಗೆದೆ. ಎಲ್ಲ ಸೇರಿ ಅರ್ಧ ಗಂಟೆ ಜಾಸ್ತಿ ಬಂದಿರಬಹುದು, ಅಷ್ಟೇ.

ಇನ್ನೆರಡು ಮಾತು, ಉಪಯೋಗಕ್ಕೆ ಬಂದರೆ ಬರಲಿ ಎಂದು ಬರೆಯುತ್ತಿದ್ದೇನೆ. ನಮ್ಮಲ್ಲಿ ಸಿಗ್ನಲ್ ಸಿಗುವುದು ಜಗಲಿಯ ಮೂಲೆ ಕಿಟಕಿಯಲ್ಲಿ ಮಾತ್ರ. ಅಪ್ಪನ ಫೋನ್ ಹಗಲಿಡೀ ಅಲ್ಲೇ ಒಂದು ಬಟ್ಟೆಚೀಲದಲ್ಲಿ ನೇತಾಡುತ್ತಿರುತ್ತದೆ. ವಾಚ್ ಒದ್ದೆಯಾದರೆ ಅಪ್ಪ ಅದನ್ನು ಬಚ್ಚಲ ಒಲೆಯ ಮೇಲಿನ ಗೂಡಿನಲ್ಲಿ ಇಡುತ್ತಾರೆ. ಚೆನ್ನಾಗಿ ಒಣಗಿದ ಮೇಲೆ ಚಾರ್ಜಿಗೆ ಹಾಕುತ್ತಾರೆ. ವಾಚಿನಲ್ಲೇ ದೋಷವಾ? ಬೇರೆ ತೆಗೆದುಕೊಳ್ಳಬೇಕಾ?

ಕಡಲತಡಿ, ಅಂಕೋಲಾ:

ಕೈ ಎತ್ತಿದರೆ ಸ್ಕ್ರೀನ್ ಹೊತ್ತಿಕೊಳ್ಳುವ ಆಯ್ಕೆ ಇರುತ್ತದೆ, ಅದನ್ನು ಆಫ್ ಮಾಡಿ. ರಾತ್ರಿ ಮಲಗಿದಾಗ ರಕ್ತದ ಆಮ್ಲಜನಕ ನೋಡುವುದು ಆನ್ ಇದ್ದರೆ ಅದೂ ಬೇಡ. ನನ್ನ ವಾಚಿಗೆ ಇವೆರಡರಿಂದಲೇ ಒಂದು ದಿನ ಜಾಸ್ತಿ ಬಂತು. ಆದರೆ ನನ್ನದು ಸಿಮ್ ಇಲ್ಲದ ವಾಚ್.

ಬೈತಖೋಲ್ ದಕ್ಕೆ, ಕಾರವಾರ:

ಅಕ್ಕಾ, ವಾಚ್ ಬದಲಿಸಬೇಡಿ. ನಾನು ಕಾರವಾರದಲ್ಲಿ ಮೊಬೈಲ್ ರಿಪೇರಿ ಮಾಡುತ್ತೇನೆ. ಬೋಟಿಗೆ ಹೋಗುವ ಹುಡುಗರು ಇದೇ ದೂರು ತರುತ್ತಾರೆ. ಜೂನ್, ಜುಲೈ ಮೀನುಗಾರಿಕೆ ನಿಷೇಧದ ಎರಡು ತಿಂಗಳು ಊರಲ್ಲೇ ಇರುವಾಗ ವಾಚ್ ಚೆನ್ನಾಗಿರುತ್ತದೆ. ಆಗಸ್ಟ್‌ನಲ್ಲಿ ಬೋಟ್ ಹೊರಟ ಕೂಡಲೇ ಬ್ಯಾಟರಿ ಹೋಯಿತು ಅನ್ನುತ್ತಾರೆ. ಬ್ಯಾಟರಿ ಹೋಗಿರುವುದಿಲ್ಲ. ದಡ ಕಾಣದಷ್ಟು ದೂರ ಹೋದ ಮೇಲೆ ಟವರ್ ಸಿಗುವುದಿಲ್ಲ, ವಾಚ್ ಹುಡುಕುತ್ತಲೇ ಇರುತ್ತದೆ.

ನಿಮ್ಮದೂ ಅದೇ. ಫೋನ್ ಜಗಲಿಯಲ್ಲಿ, ವಾಚ್ ತೋಟದಲ್ಲಿ. ಬ್ಲೂಟೂತ್ ಗೋಡೆ ದಾಟಿ ಹತ್ತು ಮೀಟರ್ ಹೋದರೆ ದೊಡ್ಡದು. ಅಪ್ಪ ಅಂಗಳ ಇಳಿದ ಕೂಡಲೇ ಕೊಂಡಿ ತಪ್ಪುತ್ತದೆ. ಆಗ ವಾಚ್ ಮೊದಲು ವೈಫೈ ಹುಡುಕುತ್ತದೆ, ಆಮೇಲೆ ತನ್ನ ಸಿಮ್ ಎಬ್ಬಿಸಿ ಟವರ್ ಹುಡುಕುತ್ತದೆ. ಕಣಿವೆಯ ತೋಟದಲ್ಲಿ ಟವರ್ ಎಲ್ಲಿಂದ ಬರಬೇಕು? ಎಲ್ಲೋ ಒಂದು ಕಡ್ಡಿ ಸಿಕ್ಕಿದರೂ ಅದನ್ನು ಮುಟ್ಟಲು ಪೂರ್ತಿ ಶಕ್ತಿ ಹಾಕಿ ಕೂಗಬೇಕು. ಬೆಂಗಳೂರಿನಲ್ಲಿ ನಿಮ್ಮ ತಮ್ಮನ ಜೇಬಿನಲ್ಲಿ ಫೋನ್ ಇತ್ತು, ವಾಚಿನ ಸಿಮ್ ಮಲಗಿತ್ತು. ಅದಕ್ಕೇ ಒಂದೂವರೆ ದಿನ ಬಂತು.

ಕಂಪನಿಗಳ ಲೆಕ್ಕವೂ ಹೀಗೇ ಇರುತ್ತದೆ. ಆಪಲ್ ವಾಚ್ ಸೀರೀಸ್ 6ಕ್ಕೆ 18 ಗಂಟೆ ಎಂದು ಹೇಳಿದ್ದರಲ್ಲ, ಸಿಮ್ ಇರುವ ಮಾದರಿಗೆ ಆ 18ರಲ್ಲಿ 14 ಗಂಟೆ ಫೋನಿನ ಬ್ಲೂಟೂತ್‌ಗೆ ಅಂಟಿಕೊಂಡು, 4 ಗಂಟೆ ಮಾತ್ರ ಎಲ್‌ಟಿಇಯಲ್ಲಿ, ಅಂದರೆ ತನ್ನದೇ ಮೊಬೈಲ್ ನೆಟ್‌ವರ್ಕಿನಲ್ಲಿ. ನಿಮ್ಮ ಅಪ್ಪನದು ಇದಕ್ಕೆ ತಿರುಗುಮುರುಗು. ಬ್ಯಾಟರಿಯಾದರೂ ಎಷ್ಟಿರುತ್ತದೆ ಹೇಳಿ. ಸ್ಯಾಮ್ಸಂಗ್ ಗ್ಯಾಲಕ್ಸಿ ವಾಚ್ 4ರಲ್ಲಿ ಚಿಕ್ಕದಕ್ಕೆ 247 ಎಂಎಎಚ್ (ಬ್ಯಾಟರಿಯಲ್ಲಿ ಎಷ್ಟು ಹಿಡಿಯುತ್ತದೆ ಎನ್ನುವ ಅಳತೆ), ದೊಡ್ಡದಕ್ಕೆ 361. ಈಗಿನ ಮಾಮೂಲಿ ಫೋನಿನಲ್ಲಿ 5000. ಫೋನ್ ತಡೆದುಕೊಳ್ಳುವ ಹುಡುಕಾಟವನ್ನು ವಾಚ್ ತಡೆದುಕೊಳ್ಳಲಾರದು.

ಹಾಗಾಗಿ ಮೊದಲು ವಾಚಿನ ಸೆಟ್ಟಿಂಗ್‌ನಲ್ಲಿ ಮೊಬೈಲ್ ನೆಟ್‌ವರ್ಕ್ ಆಫ್ ಮಾಡಿ. ಬ್ಲೂಟೂತ್ ಇರಲಿ. ಒಂದು ದಿನ ನೋಡಿ ಹೇಳಿ.

ಎರಡನೆಯದು ಬಚ್ಚಲ ಒಲೆ. ಇದನ್ನು ಓದಿ ನನಗೆ ನಿಜವಾಗಿ ಬೇಜಾರಾಯಿತು, ದಯವಿಟ್ಟು ಇವತ್ತೇ ನಿಲ್ಲಿಸಿ. ಲಿಥಿಯಂ ಬ್ಯಾಟರಿಗೆ ಬಿಸಿಯಷ್ಟು ದೊಡ್ಡ ಶತ್ರು ಇಲ್ಲ. ಆಪಲ್ ತನ್ನ ವಾಚಿಗೆ ಹೇಳುವ ಮಿತಿ ಬಳಸುವಾಗ 35 ಡಿಗ್ರಿ, ಸುಮ್ನೆ ಇಡುವಾಗ 45. ಒಲೆಯ ಮೇಲಿನ ಗೂಡಿನಲ್ಲಿ ಕೈ ಇಟ್ಟು ನೋಡಿ, ನಿಮಗೇ ಗೊತ್ತಾಗುತ್ತದೆ. ಬಿಸಿಯಿಂದ ಕಳೆದುಹೋದ ಬ್ಯಾಟರಿ ಬಲ ಮತ್ತೆ ಬರುವುದಿಲ್ಲ. ಬಚ್ಚಲ ಹಬೆಗೆ ನೀರು ತಡೆಯುವ ಅಂಟು, ರಬ್ಬರ್ ಕೂಡ ಸೋಲುತ್ತವೆ. ಒಣ ಪಂಚೆಯಲ್ಲಿ ಒರೆಸಿ ಗಾಳಿ ಆಡುವ ಕಡೆ ಇಟ್ಟರೆ ಸಾಕು.

ಕೊನೆಗೆ, ವಾಚಿನ ಹಿಂಬದಿಯ ಗಾಜು ಹೇಗಿದೆ ನೋಡಿ. ಬೆಲ್ಟ್ ಸಡಿಲ ಇದೆಯಾ ಅದನ್ನೂ ನೋಡಿ. ನಾಡಿ ನೋಡಲು ಅದು ಹಸಿರು ಬೆಳಕು ಬಿಡುತ್ತದೆ. ರಕ್ತ ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ, ವಾಪಸ್ ಬಂದಷ್ಟರಲ್ಲಿ ಲೆಕ್ಕ ಹಾಕುತ್ತದೆ. ಸರಿಯಾಗಿ ಕಾಣದಿದ್ದರೆ ಕೆಲವು ವಾಚುಗಳು ಬೆಳಕು ಜಾಸ್ತಿ ಮಾಡಿ ಮತ್ತೆ ಮತ್ತೆ ನೋಡುತ್ತವೆ. ಅದೂ ಬ್ಯಾಟರಿಯೇ ಅಲ್ವಾ.

ಸಂಕದಾಚೆ ಮನೆ, ಶಿರಸಿ:

ಅಣ್ಣ, ತುಂಬಾ ಉಪಕಾರವಾಯಿತು. ಭಾನುವಾರ ರಜೆ ಇತ್ತು, ನಾನೇ ಅಪ್ಪನ ಜೊತೆ ತೋಟಕ್ಕೆ ಇಳಿದೆ. ಮಳೆ ಸ್ವಲ್ಪ ಹೊಳವಾಗಿತ್ತು, ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣದ ಎರಡನೇ ಮದ್ದು ಹೊಡೆಸುತ್ತಿದ್ದೆವು. ಮರದ ಮೇಲೆ ಕೊನೆಗೌಡ (ಅಡಿಕೆ ಮರ ಹತ್ತುವವನು), ಕೆಳಗೆ ಅಪ್ಪ ಪೈಪ್ ಎಳೆದು ಕೊಡುತ್ತಿದ್ದರು. ನಾನು ಕೆಲಸ ಬಿಟ್ಟು ವಾಚನ್ನೇ ನೋಡುತ್ತಾ ನಿಂತೆ. ಪೈಪ್ ಎತ್ತಿದಾಗ ಸ್ಕ್ರೀನ್ ಹೊತ್ತಿಕೊಳ್ಳುತ್ತದೆ. ತಲೆ ಮೇಲೆತ್ತಿ ಮರ ನೋಡಲು ಕೈ ಅಡ್ಡ ಹಿಡಿದಾಗ ಹೊತ್ತಿಕೊಳ್ಳುತ್ತದೆ. ಮಳೆಗೆ ಹೊದ್ದ ಕೊಪ್ಪೆಯ ಒದ್ದೆ ಅಂಚು ತಾಗಿದರೂ ಹೊತ್ತಿಕೊಳ್ಳುತ್ತದೆ. ಹತ್ತು ನಿಮಿಷದಲ್ಲಿ 34 ಸಲ ಎಣಿಸಿದೆ. ಒಂದು ಸಲವಂತೂ ಮಳೆಹನಿ ಬಿದ್ದೇ ಏನೋ ಒತ್ತಿ ಹೋಗಿ ಟಾರ್ಚ್ ಹತ್ತಿಕೊಂಡಿತ್ತು. ಅಪ್ಪನಿಗೆ ಅದು ಗೊತ್ತೇ ಇಲ್ಲ, ಅವರ ಕಣ್ಣು ಮರದ ತುದಿಯಲ್ಲಿ.

ವಾಚ್ ಬಿಚ್ಚಿ ತಿರುಗಿಸಿದೆ. ಹಿಂಬದಿ ಗಾಜಿನ ಮೇಲೆ ಮೈಲುತುತ್ತ, ಸುಣ್ಣದ ತಿಳಿನೀಲಿ ಪದರ ಗಟ್ಟಿಯಾಗಿ ಕೂತಿದೆ. ಮೊದಲನೇ ಮದ್ದಿನಿಂದಲೂ ಇದ್ದಿರಬೇಕು. ಅದರ ಹಿಂದಿಂದ ಹಸಿರು ಬೆಳಕು ಮಿಣಮಿಣ ಎನ್ನುತ್ತಿತ್ತು. ಒದ್ದೆ ಬಟ್ಟೆಯಲ್ಲಿ ನಾಲ್ಕೈದು ಸಲ ಮೆತ್ತಗೆ ಉಜ್ಜಿದ ಮೇಲೆ ಹೋಯಿತು. ಬೆಲ್ಟ್ ಒಂದು ತೂತು ಬಿಗಿ ಮಾಡಿದೆ.

ಮೊಬೈಲ್ ನೆಟ್‌ವರ್ಕ್ ಆಫ್, ಕೈ ಎತ್ತಿದರೆ ಹೊತ್ತಿಕೊಳ್ಳುವುದು ಆಫ್. ತೋಟಕ್ಕೆ ಹೋಗುವಾಗ ಮಳೆಹನಿಗೆ ಸ್ಕ್ರೀನ್ ಒತ್ತಿಹೋಗದಂತೆ ನೀರಿನ ಲಾಕ್ ಹಾಕಿಕೊಳ್ಳುವುದು ಹೇಗೆಂದು ಅಪ್ಪನಿಗೆ ತೋರಿಸಿದ್ದೇನೆ. ಬಚ್ಚಲ ಗೂಡಿನಲ್ಲಿ ಈಗ ಬರೀ ಬೆಂಕಿಪೊಟ್ಟಣ ಇದೆ.

ಸೋಮವಾರದ ಲೆಕ್ಕ: ಬೆಳಿಗ್ಗೆ ಆರಕ್ಕೆ 100, ಊಟದ ಹೊತ್ತಿಗೆ 84, ರಾತ್ರಿ ಒಂಬತ್ತಕ್ಕೆ 61. ನಂಬಲಿಕ್ಕೇ ಆಗಲಿಲ್ಲ.

ಹೊನ್ನಾವರದ ಸಿಸ್ಟರ್:

ತಂಗಿ, ಓದಿ ಸಂತೋಷವಾಯಿತು. ಆದರೆ ಒಂದು ಮಾತು ಹೇಳಲೇಬೇಕು. ವಾಚ್ ತಾನಾಗಿ ಯಾರಿಗೂ ತಿಳಿಸಲಾರದು. ಅದಕ್ಕೆ ಒಂದೋ ತನ್ನ ಸಿಮ್‌ಗೆ ಸಿಗ್ನಲ್ ಬೇಕು, ಇಲ್ಲವೇ ಹತ್ತಿರದಲ್ಲಿ ಫೋನ್ ಬೇಕು. ಈಗ ಸಿಮ್ ಆಫ್ ಮಾಡಿದ್ದೀರಿ, ಫೋನ್ ಜಗಲಿಯಲ್ಲಿದೆ. ಅಪ್ಪ ಸಂಕದ ಹತ್ತಿರ ಬಿದ್ದರೆ ವಾಚಿಗೆ ಗೊತ್ತಾಗುತ್ತದೆ, ಅಮ್ಮನಿಗೆ ಗೊತ್ತಾಗುವುದಿಲ್ಲ. ಸಿಗ್ನಲ್ ಇಲ್ಲದ ಕಡೆ ಮೊದಲೂ ಹಾಗೇ ಇತ್ತು, ಅದು ಬೇರೆ ಮಾತು. ನಾನು ನರ್ಸ್ ಆಗಿ 19 ವರ್ಷ. ಬಿದ್ದ ಪೆಟ್ಟಿಗಿಂತ ಒದ್ದೆಯಲ್ಲಿ ಗಂಟೆಗಟ್ಟಲೆ ಬಿದ್ದುಕೊಂಡದ್ದರಿಂದ ನರಳಿದ ಹಿರಿಯರನ್ನು ಬಹಳ ನೋಡಿದ್ದೇನೆ. ಬ್ಯಾಟರಿ 61 ಉಳಿಯಿತು ಎಂದು ನಿಶ್ಚಿಂತೆಯಾಗಿ ಇರಬೇಡಿ.

ಒಂದು ಸೀಟಿ ತಂದು ದಾರ ಹಾಕಿ ಅಪ್ಪನ ಕೊರಳಿಗೆ ಕಟ್ಟಿ. ಕೂ ಹಾಕುವುದಕ್ಕೆ ಉಸಿರು ಬೇಕು, ನೋವಿನಲ್ಲಿ ಅದು ಬರುವುದಿಲ್ಲ. ಸೀಟಿಯ ಸದ್ದು ತೆಳ್ಳಗಿದ್ದರೂ ಮಳೆಯನ್ನು ಸೀಳಿಕೊಂಡು ಬರುತ್ತದೆ. ಸಂಕಕ್ಕೆ ಕೈಹಿಡಿ ಇದೆಯಾ?

ಬೈತಖೋಲ್ ದಕ್ಕೆ, ಕಾರವಾರ:

ಸಿಸ್ಟರ್ ಹೇಳಿದ್ದು ಸರಿ. ನಾನು ಬ್ಯಾಟರಿ ಮಾತ್ರ ನೋಡಿದೆ, ಇದನ್ನು ಮೊದಲೇ ಹೇಳಬೇಕಿತ್ತು.

ಅಕ್ಕಾ, ಮನೆಗೆ ಫೈಬರ್ ಇಂಟರ್ನೆಟ್ ಬಂದಿದೆಯಾ? ಬಂದಿದ್ದರೆ ತೋಟದ ಕಡೆಯ ಗೋಡೆಗೆ, ಸೂರಿನ ಕೆಳಗೆ, ಹೊರಗೆ ಹಾಕುವಂಥ ಇನ್ನೊಂದು ವೈಫೈ ಡಬ್ಬಿ ಕೂರಿಸಿ. ಮರಗಳ ನಡುವೆ, ಮಳೆಯಲ್ಲಿ ಎಷ್ಟು ದೂರ ಹೋಗುತ್ತದೆ ಎನ್ನುವುದನ್ನು ಫೋನ್ ಹಿಡಿದು ನಡೆದೇ ನೋಡಬೇಕು. 2.4 ಗಿಗಾಹರ್ಟ್ಸ್ ಇಡಿ, 5 ಅಷ್ಟು ದೂರ ಬರುವುದಿಲ್ಲ. ಅಪ್ಪನ ಫೋನಿನಲ್ಲಿ ವೈಫೈ ಕಾಲಿಂಗ್ (ಟವರ್ ಇಲ್ಲದೆ ವೈಫೈ ಮೂಲಕ ಕರೆ ಹೋಗುವ ಆಯ್ಕೆ) ಆನ್ ಮಾಡಿ, ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಅಂಗಿಯ ಜೇಬಿಗೆ ಕೊಡಿ. ಆಗ ವಾಚ್ ಫೋನಿನ ಬ್ಲೂಟೂತ್‌ನಲ್ಲೇ ಇರುತ್ತದೆ, ಬ್ಯಾಟರಿಯೂ ಉಳಿಯುತ್ತದೆ, ಕರೆಯೂ ಹೋಗುತ್ತದೆ. ಕರೆಂಟ್ ಹೋದಾಗ ರೂಟರ್ ನಡೆಸಲು ಚಿಕ್ಕ 12 ವೋಲ್ಟ್ ಯುಪಿಎಸ್ ಸಿಗುತ್ತದೆ.

ವಾಚಿಗೆ 10000 ಎಂಎಎಚ್‌ನ ಒಂದು ಪವರ್ ಬ್ಯಾಂಕ್ ಇಟ್ಟುಕೊಳ್ಳಿ, ಹತ್ತು ಸಲಕ್ಕಾದರೂ ಬರುತ್ತದೆ. ಒಂದು ತೊಂದರೆ ಇದೆ. ವಾಚ್ ಎಳೆಯುವ ಕರೆಂಟ್ ತೀರಾ ಕಡಿಮೆ, ಏನೂ ಸಿಕ್ಕಿಸಿಲ್ಲ ಎಂದುಕೊಂಡು ಕೆಲವು ಪವರ್ ಬ್ಯಾಂಕ್ ತಾನೇ ನಿಂತುಬಿಡುತ್ತವೆ. ಗುಂಡಿ ಎರಡು ಸಲ ಒತ್ತಿದರೆ ಕಡಿಮೆ ಕರೆಂಟಿಗೆ ಹೊಂದಿಕೊಳ್ಳುವಂಥದ್ದು ಸಿಗುತ್ತದೆ. ಅಂಗಡಿಯಲ್ಲೇ ವಾಚ್ ಹಾಕಿ ಹತ್ತು ನಿಮಿಷ ಕಾದು ನೋಡಿ ತೆಗೆದುಕೊಳ್ಳಿ.

ಸಂಕದಾಚೆ ಮನೆ, ಶಿರಸಿ:

ತಡವಾಗಿ ಬರೆಯುತ್ತಿದ್ದೇನೆ, ಮೂರು ದಿನ ಕರೆಂಟ್ ಇರಲಿಲ್ಲ.

ಫೈಬರ್ ಇದೆ. ವೈಫೈ ಡಬ್ಬಿಯನ್ನು ಹಿತ್ತಿಲ ಗೋಡೆಗೆ ಹಾಕಿಸಿದೆವು. ಅಪ್ಪನ ಫೋನ್ ಹಿಡಿದು ನಾನೇ ಮೆಟ್ಟಿಲು ಮೆಟ್ಟಿಲು ಇಳಿದು ನೋಡಿದೆ. ಪಂಪ್‌ಶೆಡ್‌ವರೆಗೆ ಚೆನ್ನಾಗಿದೆ. ಸಂಕದ ಈಚೆ ದಡದಲ್ಲಿ ಒಂದು ಕಡ್ಡಿ ಬರುತ್ತದೆ, ಆಚೆ ದಡದಲ್ಲಿ ಇಲ್ಲ. ಈಚೆ ದಡದಿಂದ ಅಮ್ಮನಿಗೆ ಕರೆ ಮಾಡಿದೆ, ಹೋಯಿತು. ಕರೆಂಟ್ ಇಲ್ಲದ ಮೊದಲ ದಿನ ಸಂಜೆವರೆಗೆ ಯುಪಿಎಸ್ ಎಳೆಯಿತು, ಆಮೇಲೆ ನಿಂತಿತು. ವಾಚ್ ಮಾತ್ರ ಒಂದು ಹೊತ್ತೂ ಆರಲಿಲ್ಲ. ಎರಡು ದಿನಕ್ಕೊಮ್ಮೆ ಪವರ್ ಬ್ಯಾಂಕಿಗೆ ಹಾಕಿದರೆ ಸಾಕಾಗುತ್ತಿದೆ.

ಆಚೆ ದಡಕ್ಕೆ ಒಬ್ಬರೇ ಹೋಗುವುದಿಲ್ಲ ಎಂದು ಅಪ್ಪ ಅಮ್ಮನಿಗೆ ಮಾತು ಕೊಟ್ಟಿದ್ದಾರೆ. ಸೀಟಿ ಕೊರಳಲ್ಲಿದೆ. ಮೊದಲ ದಿನ ಪರೀಕ್ಷೆಗೆ ಸಂಕದಿಂದ ಊದಿದರು. ಒಳಗೆ ದೋಸೆ ಹೊಯ್ಯುತ್ತಿದ್ದ ಅಮ್ಮನಿಗೆ ಕೇಳಿಸಿತು.

ಸಿಸ್ಟರ್, ಕೈಹಿಡಿ ಇರಲಿಲ್ಲ. ನಿನ್ನೆ ಎರಡು ಬಿದಿರು ಕಡಿದು ತಂದಿದ್ದಾರೆ, ಈ ಭಾನುವಾರ ಕಟ್ಟುತ್ತೇವೆ. ಪಾಚಿಯನ್ನೂ ಕೆರೆಸಬೇಕು.