ಸಹಾಯ ಬೇಕು: ಮರಳುಗಲ್ಲಿನ ಪರ್ಮಿಯಬಿಲಿಟಿ (ದ್ರವ, ಅನಿಲ ಹಾಯಗೊಡುವ ಗುಣ) ಲೆಕ್ಕ ಕೂಡುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಬಾದಾಮಿ ಕಡೆಯ ಮರಳುಗಲ್ಲಿನ 38 ಮಿ.ಮೀ. ಅಗಲದ ಉರುಳೆಯಾಕಾರದ ಪ್ಲಗ್‌ಗಳನ್ನು ಮೈಸೂರಿನಲ್ಲಿ ಅಳೆಯುತ್ತಿದ್ದೇವೆ. ಲೀಟರಿಗೆ 20 ಗ್ರಾಂ ಉಪ್ಪು ಹಾಕಿದ ನೀರು ಕುಡಿಸಿ, 1 ಕಿಲೋಹರ್ಟ್ಜ್‌ನಲ್ಲಿ ರೋಧ ನೋಡಿದರೆ ಫಾರ್ಮೇಶನ್ ಫ್ಯಾಕ್ಟರ್ (ನೀರು ತುಂಬಿದ ಕಲ್ಲಿನ ರೋಧಕತೆ ಬರೀ ನೀರಿನದ್ದರ ಎಷ್ಟು ಪಟ್ಟು ಎಂಬುದು) 40. ಅದರಿಂದ ಪೊರಾಸಿಟಿ (ಕಲ್ಲಿನಲ್ಲಿ ರಂಧ್ರಗಳ ಪಾಲು) ಅಂದಾಜಿಸುವ ಹಂಬಲ್ ಸೂತ್ರದ (ಸ್ಥಿರಾಂಕ 0.62, ಘಾತ 2.15) ಪ್ರಕಾರ ಅದು ಶೇ. 14, ಹೀಲಿಯಂ ಅನಿಲ ತುಂಬಿ ಅಳೆದರೆ ಸಿಗುವುದು ಶೇ. 11 ಮಾತ್ರ.

ಕಣದ ಗಾತ್ರ 0.2 ಮಿ.ಮೀ. ಇಟ್ಟು, ಕಣದ ಗಾತ್ರ ಮತ್ತು ಪೊರಾಸಿಟಿಯಿಂದ ಪರ್ಮಿಯಬಿಲಿಟಿ ಲೆಕ್ಕಹಾಕುವ ಸೂತ್ರವಾದ ಕೊಜೆನಿ-ಕಾರ್ಮನ್‌ಗೆ ಹಾಕಿದರೆ 14ಕ್ಕೆ ಸುಮಾರು 830 ಮಿಲಿಡಾರ್ಸಿ (ಪರ್ಮಿಯಬಿಲಿಟಿಯ ಮಾನ), 11ಕ್ಕೆ 370. ಗ್ಯಾಸ್ ಹಾಯಿಸಿ ಅಳೆದರೆ ಬರುವುದು ಬರೀ 20!

ಪೊರಾಸಿಟಿ ಹೆಚ್ಚಾಗಿ ಕಾಣಲು ಜೇಡಿಯ ಮೇಲ್ಮೈ ವಾಹಕತೆ ಕಾರಣ ಅನ್ನಿಸುತ್ತದೆ. ಪ್ಲಗ್‌ನ ಪಕ್ಕಕ್ಕೆ ಅಂಟಿದ ನೀರಿನ ತೆಳು ಪೊರೆಯೂ ಕರೆಂಟಿಗೆ ಅಡ್ಡದಾರಿ ಕೊಡುತ್ತದೆ, ಅದಕ್ಕೇ ಒದ್ದೆ ಬಟ್ಟೆಯಲ್ಲಿ ಒರೆಸಿಯೇ ಎಲೆಕ್ಟ್ರೋಡ್ ಕಚ್ಚಿಸುತ್ತೇವೆ. ಆದರೆ 370 ಮತ್ತು 20ರ ನಡುವಿನ ಅಂತರಕ್ಕೆ ಜೇಡಿಯೊಂದೇ ಸಾಲದು. ಕಣಗಳ ನಡುವೆ ಬೆಳೆದ ಸಿಲಿಕಾ ರಂಧ್ರಗಳನ್ನು ಜೋಡಿಸುವ ಕಿರಿದಾದ ಕುತ್ತಿಗೆಯನ್ನೇ ಬಿಗಿದಿದೆ. ಕಣದ ಗಾತ್ರ ಅದನ್ನು ಹೇಳುವುದೇ ಇಲ್ಲ.

ತಿಳಿದವರು ದಯವಿಟ್ಟು ಹೇಳಿ: ವ್ಯಾಕ್ಸ್‌ಮನ್-ಸ್ಮಿಟ್ಸ್ ತಿದ್ದುಪಡಿಗೆ (ಜೇಡಿಯ ವಾಹಕತೆಯನ್ನು ಲೆಕ್ಕದಿಂದ ಕಳೆಯುವ ವಿಧಾನ) ಮೂರು ಉಪ್ಪಿನ ಮಟ್ಟ ಸಾಕೇ? ಸಿಹಿನೀರಿಗೆ ಜೇಡಿ ಕದಲುವ ಭಯದಿಂದ ಗಟ್ಟಿ ಉಪ್ಪಿನಿಂದಲೇ ಶುರುಮಾಡಿ ಇಳಿಸುವ ಯೋಚನೆಯಿದೆ. ಪರ್ಮಿಯಬಿಲಿಟಿ ಕೊಡುವ ಇನ್ನೊಂದು ಸೂತ್ರ ಕಾಟ್ಜ್-ಥಾಂಪ್ಸನ್‌ಗೆ ಕುತ್ತಿಗೆಯ ಅಗಲ ಬೇಕು. ಮೈಸೂರು, ಮಂಡ್ಯದಲ್ಲಿ ಆ ಅಗಲ ಅಳೆಯುವ ಪಾದರಸದ ಪೊರೊಸಿಮೀಟರ್ ಯಾರ ಬಳಿಯಾದರೂ ಇದೆಯೇ? ಪರೀಕ್ಷೆಯಾದ ಚೂರು ವಾಪಸ್ ಬೇಡ, ಹೆಚ್ಚುವರಿ ತುಂಡುಗಳು ಎತ್ತಿಟ್ಟಿವೆ.