ಬ್ಲೂಮ್ಸ್‌ಡೇಗೆ ಕನ್ನಡದಲ್ಲಿ ಏನನ್ನೋಣ?

ಡಬ್ಲಿನ್‌ನಿಂದ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅವಸರವಿದೆ. ಪೋಸ್ಟರ್ ಇವತ್ತು ರಾತ್ರಿಯೇ ಪ್ರಿಂಟಿಗೆ ಹೋಗಬೇಕು. ಇಲ್ಲಿರುವ ಕೆಲವು ಕನ್ನಡಿಗರು ಜೂನ್ 16ಕ್ಕೆ ಸೇರಿ, ಈ ಊರಿನಲ್ಲೇ ನಡೆಯುವ ಕಾದಂಬರಿಗಳನ್ನು ಗಟ್ಟಿಯಾಗಿ ಓದುತ್ತೇವೆ. ಮೊದಲು ಜೇಮ್ಸ್ ಜಾಯ್ಸ್‌ನ ‘ಯುಲಿಸಿಸ್’. ಅದರ ಕಥೆ ನಡೆಯುವ ದಿನವೇ ಜೂನ್ 16, ನಾಯಕ ಲಿಯೊಪೋಲ್ಡ್ ಬ್ಲೂಮ್. ಅದಕ್ಕೇ ಈ ದಿನದ ಆಚರಣೆಗೆ ಬ್ಲೂಮ್ಸ್‌ಡೇ ಅನ್ನುತ್ತಾರೆ. ಆಮೇಲೆ 1913ರ ಲಾಕೌಟಿನ ಕಥೆ ಹೇಳುವ ಜೇಮ್ಸ್ ಪ್ಲಂಕೆಟ್‌ನ ‘ಸ್ಟ್ರಂಪೆಟ್ ಸಿಟಿ’. ತಲೆಬರಹಕ್ಕೆ ಬಂದಿರುವ ಸಲಹೆಗಳು: ಜಾಯ್ಸ್ ಜಯಂತಿ, ಬ್ಲೂಮ್ ಹಬ್ಬ, ಅಥವಾ ಬ್ಲೂಮ್ಸ್‌ಡೇ ಅಂತಲೇ ಬಿಡುವುದು. ಯಾವುದು ಸರಿ?

ಮೈಸೂರಿನಿಂದ:
ಜಯಂತಿ ಖಂಡಿತ ಬೇಡ. ಜಾಯ್ಸ್ ಹುಟ್ಟಿದ್ದು 1882ರ ಫೆಬ್ರವರಿ 2ರಂದು. ನನ್ನ ಸಲಹೆ ‘ಹೂವಯ್ಯನ ಹಬ್ಬ’. ಇದಕ್ಕೆ ಕಾದಂಬರಿಯಲ್ಲೇ ಆಧಾರವಿದೆ. ಬ್ಲೂಮನ ಅಪ್ಪ ಹಂಗೇರಿಯಿಂದ ಬಂದವನು, ಮನೆತನದ ಹೆಸರು ವಿರಾಗ್. ಅಲ್ಲಿನ ಭಾಷೆಯಲ್ಲಿ ವಿರಾಗ್ ಅಂದರೆ ಹೂವು. ಅದನ್ನೇ ಅವನು ಬ್ಲೂಮ್ ಎಂದು ಬದಲಿಸಿಕೊಂಡ. ಮಗ ಗುಟ್ಟಿನ ಪತ್ರಗಳಿಗೆ ಹೆನ್ರಿ ಫ್ಲವರ್ ಎಂದು ಸಹಿ ಹಾಕುತ್ತಾನೆ. ಹೋದ ಕಡೆಯಲ್ಲೆಲ್ಲ ಅನುವಾದವಾಗುತ್ತ ಬಂದ ಹೆಸರು ಇದು. ಕನ್ನಡಕ್ಕೆ ಬಂದಾಗ ಮಾತ್ರ ಯಾಕೆ ನಿಲ್ಲಬೇಕು?

ಧಾರವಾಡದಿಂದ:
ಆಗೋದಿಲ್ಲ. ಹೂವಯ್ಯ ಅಂದರೆ ಕನ್ನಡಿಗರಿಗೆ ‘ಕಾನೂರು ಹೆಗ್ಗಡಿತಿ’ಯ ಹೂವಯ್ಯ. ಕುವೆಂಪು ಪಾತ್ರವನ್ನು ಡಬ್ಲಿನ್‌ಗೆ ಒಯ್ಯಬೇಡಿ. ‘ಬ್ಲೂಮ್ ಹಬ್ಬ’ ಸಾಕು. ಹಬ್ಬ ಅಚ್ಚಗನ್ನಡ ಪದ, ಜಯಂತಿಯ ಹಾಗೆ ಸಂಸ್ಕೃತವಲ್ಲ.

ಶಿವಮೊಗ್ಗದಿಂದ:
ಹಬ್ಬ ಅಚ್ಚಗನ್ನಡ ಅಂತ ಯಾರು ಹೇಳಿದರು? ಪರ್ವ, ಪಬ್ಬ, ಹಬ್ಬ. ತದ್ಭವ. ಇಷ್ಟು ನೋಡದೆ ತೀರ್ಪು ಕೊಡಬೇಡಿ.

ಧಾರವಾಡದಿಂದ:
ತದ್ಭವ ಅಂತ ನನಗೂ ಗೊತ್ತು. ಕನ್ನಡದ ನಾಲಗೆ ತನಗೆ ಬೇಕಾದ ಹಾಗೆ ತಿದ್ದಿಕೊಂಡ ಮೇಲೆ ಅದು ಕನ್ನಡದ್ದೇ. ಬಸ್ಸು, ಕಾರು ಕೂಡ ಹಾಗೇ ನಮ್ಮವಾದವು. ಇಂಗ್ಲಿಷಿನ ಷಷ್ಠಿ ಪ್ರತ್ಯಯವನ್ನೂ ಸೇರಿಸಿ ‘ಬ್ಲೂಮ್ಸ್‌ಡೇ’ ಅಂತ ಬರೆಯುವುದು ಎರವಲಲ್ಲ, ಸೋಮಾರಿತನ.

ಶಿವಮೊಗ್ಗದಿಂದ:
ಅದು ಅಂಕಿತನಾಮ. ಅಂಕಿತನಾಮಕ್ಕೆ ಎರವಲಿನ ಪ್ರಶ್ನೆಯೇ ಬರುವುದಿಲ್ಲ. ಕ್ರಿಸ್‌ಮಸ್ಸನ್ನು ನೀವು ಏನಂತ ಬರೆಯುತ್ತೀರಿ?

ಬೆಂಗಳೂರಿನಿಂದ:
ಇಬ್ಬರೂ ಸ್ವಲ್ಪ ತಾಳಿ. ಕೇಳಿದವರಿಗೆ ಇವತ್ತೇ ಉತ್ತರ ಬೇಕು.

ಈ ಆಚರಣೆಗೆ ಹೆಸರು ಬಂದಿರುವುದು ಪಾತ್ರದಿಂದ, ಲೇಖಕನಿಂದಲ್ಲ. ಆದ್ದರಿಂದ ‘ಜಾಯ್ಸ್’ ಇರುವ ಯಾವ ಹೆಸರೂ ಬೇಡ. ಇನ್ನು ಹಬ್ಬದ ಮಾತು. 1904ರ ಜೂನ್ 16 ಒಂದು ಗುರುವಾರ. ಬ್ಲೂಮ್ ಬೆಳಗ್ಗೆ ಕಿಡ್ನಿ ಹುರಿದು ತಿನ್ನುತ್ತಾನೆ. ಗ್ಲಾಸ್‌ನೆವಿನ್ ಸ್ಮಶಾನಕ್ಕೆ ಹೋಗಿ ಬರುತ್ತಾನೆ. ಜಾಹೀರಾತಿಗಾಗಿ ಪತ್ರಿಕೆ ಆಫೀಸಿಗೆ ಅಲೆಯುತ್ತಾನೆ. ಯಾವ ವಿಶೇಷವೂ ಇಲ್ಲದ ದಿನ ಅದು. ಅಂಥ ದಿನವೇ ಇಡೀ ಕಾದಂಬರಿಯಾಗಿದೆ ಅನ್ನುವುದೇ ಅದರ ದೊಡ್ಡತನ. ‘ಹಬ್ಬ’ ಅಂದ ಕೂಡಲೇ ಅದು ಮರೆಯಾಗುತ್ತದೆ. ಜಾಯ್ಸ್ ಆ ತಾರೀಖು ಆರಿಸಿಕೊಂಡದ್ದು ತಾನು ಮುಂದೆ ಮದುವೆಯಾದ ನೋರಾ ಬಾರ್ನಕಲ್ ಜೊತೆ ಮೊದಲ ಸಲ ಸುತ್ತಾಡಲು ಹೋದ ದಿನ ಅಂತ. ಅದು ಅವರಿಬ್ಬರಿಗೆ ವಿಶೇಷ, ಡಬ್ಲಿನ್‌ಗೆ ಮಾಮೂಲಿ ದಿನ.

ಆಚರಣೆಯಲ್ಲಿ ಹಬ್ಬದ ಕಳೆ ಇದೆ, ಒಪ್ಪುತ್ತೇನೆ. 1954ರಲ್ಲಿ, ಆ ದಿನಕ್ಕೆ 50 ವರ್ಷ ತುಂಬಿದಾಗ, ಐರಿಷ್ ಲೇಖಕರಾದ ಪ್ಯಾಟ್ರಿಕ್ ಕವನಾ, ಫ್ಲ್ಯಾನ್ ಒ’ಬ್ರಯನ್, ಜಾನ್ ರಯನ್ ಮುಂತಾದವರು ಕುದುರೆಗಾಡಿ ಹತ್ತಿ ಕಾದಂಬರಿಯ ಜಾಗಗಳನ್ನೆಲ್ಲ ಸುತ್ತಲು ಹೊರಟರು. ಪೂರ್ತಿ ಸುತ್ತುವುದು ಆಗಲಿಲ್ಲ, ಪಬ್ಬಿನಲ್ಲಿ ಮುಗಿಯಿತು. ಆದರೂ ಅವರು ಬೆನ್ನು ಹತ್ತಿ ಹೊರಟದ್ದು ಬ್ಲೂಮನ ಆ ಒಂದು ದಿನವನ್ನೇ.

‘ಬ್ಲೂಮನ ದಿನ’ ಎಂದು ಹಾಕಿ. ಕನ್ನಡದ್ದೇ ಷಷ್ಠಿ, ಹೆಸರೂ ಹಾಗೇ ಉಳಿಯುತ್ತದೆ. ‘ದಿನ’ ಸಂಸ್ಕೃತ ಅಂತ ಬಿಡಲು ಕಾರಣವೇ ಇಲ್ಲ. ಕನ್ನಡ ಮಾತಾಡುವ ಯಾರ ಬಾಯಲ್ಲಿ ಆ ಪದ ಇಲ್ಲ ಹೇಳಿ?

ಮೈಸೂರಿನಿಂದ:
ಹೂವಿನ ಅರ್ಥ ಪೂರ್ತಿ ಹೋಗುತ್ತದಲ್ಲ ಮೇಡಂ. ನನಗಿದು ಒಪ್ಪಿಗೆಯಿಲ್ಲ.

ಬೆಂಗಳೂರಿನಿಂದ:
ಪೋಸ್ಟರಿನಲ್ಲಿ ಒಂದು ಹೂವಿನ ಚಿತ್ರ ಬರೆಸಲಿ ಸರ್. ಹೆಸರು ಬದಲಿಸಿದರೆ ಓದುಗರಿಗೆ ಅದು ಯಾರ ದಿನ ಅಂತಲೇ ತಿಳಿಯದು.

ಡಬ್ಲಿನ್‌ನಿಂದ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ‘ಬ್ಲೂಮನ ದಿನ’ ಅಂತಲೇ ಹಾಕುತ್ತೇನೆ, ಹೂವಿನ ಚಿತ್ರವೂ ಇರಲಿ. ಅಂದಹಾಗೆ, ಬ್ಲೂಮ್ ನಿಂಬೆ ಸೋಪು ಕೊಳ್ಳುವ ಸ್ವೆನಿ ಔಷಧಿ ಅಂಗಡಿ ಈಗಲೂ ಇದೆ. ಔಷಧಿ ಮಾರುವುದಿಲ್ಲ, ಸೇರಿದವರು ಜಾಯ್ಸ್‌ನನ್ನು ಗಟ್ಟಿಯಾಗಿ ಓದುತ್ತಾರೆ. ನಿಂಬೆ ಸೋಪು ಮಾತ್ರ ಸಿಗುತ್ತದೆ. ತಲೆಬರಹದ ಕೆಳಗಿನ ಸಾಲು ‘ಡಬ್ಲಿನ್‌ನ ಕಾದಂಬರಿಗಳ ಓದು’. ಸರಿಯಿದೆಯಾ?

ಶಿವಮೊಗ್ಗದಿಂದ:
‘ಡಬ್ಲಿನ್‌ನ’ ತಪ್ಪು. ‘ಡಬ್ಲಿನ್ನಿನ’ ಎಂದು ಬರೆಯಿರಿ.

ಧಾರವಾಡದಿಂದ:
ಅದನ್ನು ಒಪ್ಪುತ್ತೇನೆ. ಕ್ರಿಸ್‌ಮಸ್ಸಿಗೆ ಉತ್ತರ ನಾಳೆ ಬರೆಯುತ್ತೇನೆ.