ಶಾಲೆಯ ತರಕಾರಿ ತೋಟಕ್ಕೆ ಊರಿನ ಅಜ್ಜ-ಅಜ್ಜಿಯರನ್ನು ಸೇರಿಸಿಕೊಳ್ಳುವುದು ಹೇಗೆ?

ಟೀಚರ್_ಬದಿಯಡ್ಕ

ನಮಸ್ಕಾರ. ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಕನ್ನಡ ಮಾಧ್ಯಮ ಅಪ್ಪರ್ ಪ್ರೈಮರಿ (ಯು.ಪಿ.) ಶಾಲೆ. ಕಟ್ಟಡದ ಹಿಂದೆ 5 ಸೆಂಟ್ಸ್ ಜಾಗ ಉಂಟು. ಅರ್ಧ ಅಡಿ ಅಗೆದರೆ ಮುರಕಲ್ಲು (ಕೆಂಪುಕಲ್ಲು) ತಾಗುತ್ತದೆ. ಬಾವಿಯಲ್ಲಿ ಮಾರ್ಚ್ ಕೊನೆಯ ತನಕ ನೀರಿಗೆ ತೊಂದರೆ ಇಲ್ಲ. 5ರಿಂದ 7ನೇ ತರಗತಿಯವರು 48 ಮಕ್ಕಳು. ಊರಿನ 12 ಮಂದಿ ಹಿರಿಯರು ಬರಲು ಒಪ್ಪಿದ್ದಾರೆ. ಇಬ್ಬರಿಗೆ ಮಂಡಿನೋವು, ಒಬ್ಬರು ವಾಕರ್ ಹಿಡಿದು ನಡೆಯುವವರು.

ಜೂನ್ 5ರ ಪರಿಸರ ದಿನಕ್ಕೆ ಗಿಡ ನೆಟ್ಟು, ಆಗಸ್ಟ್ ಬರುವಾಗ ಬರೀ ಕಳೆ ಉಳಿಯುವ ತೋಟ ಆಗಬಾರದು. ಯಾವಾಗ ಸುರು ಮಾಡಬೇಕು? ಮಡಿ ಹೇಗಿರಬೇಕು? ಹಿರಿಯರಿಗೆ ಯಾವ ಕೆಲಸ ಕೊಡಬೇಕು? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ನಟ್ಟಿಕಾಯಿ

ಟೀಚರ್, ಮೊದಲು ಜೂನ್ ಬಿಡಿ. ನಮ್ಮ ಮಳೆಗೆ ಎಳೆಸಸಿ ಕೊಳೆಯುತ್ತದೆ, ಹಾಕಿದ ಗೊಬ್ಬರ ಚರಂಡಿ ಸೇರುತ್ತದೆ, ಮಕ್ಕಳಿಗೂ ಹಿರಿಯರಿಗೂ ಅಂಗಳಕ್ಕೆ ಇಳಿಯಲಿಕ್ಕೆ ಆಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಕೆಸು, ಅರಸಿನ, ಏರು ಮಡಿಯಲ್ಲಿ ಒಂದಷ್ಟು ಬೆಂಡೆ, ಇಷ್ಟೇ ಸಾಕು. ನಿಜವಾದ ಹಂಗಾಮು ನವರಾತ್ರಿ ಕಳೆದ ಮೇಲೆ. ಅಕ್ಟೋಬರ್ ನಡುವಿಗೆ ಬಿತ್ತಿದರೆ ಬೆಂಡೆ 45 ದಿನಕ್ಕೆ, ಅಲಸಂಡೆ 50 ದಿನಕ್ಕೆ ಕೊಯ್ಲಿಗೆ ಬರುತ್ತದೆ. ಫೆಬ್ರವರಿ ತನಕ ಕೊಯ್ಯಬಹುದು. ಮಾರ್ಚಿನ ವಾರ್ಷಿಕ ಪರೀಕ್ಷೆಗೆ ತೋಟ ಅಡ್ಡ ಬರುವುದಿಲ್ಲ.

ಎರಡನೆಯದು, 5 ಸೆಂಟ್ಸಿಗೂ ಒಟ್ಟಿಗೆ ಕೈ ಹಾಕಬೇಡಿ. ಬೇಸಗೆಯಲ್ಲಿ ದಿನಕ್ಕೆ 5 ಮಿಲಿಮೀಟರ್ ನೀರು ಎಂದು ಹಿಡಿದರೂ 40 ಚದರ ಮೀಟರಿನ ಒಂದು ಸೆಂಟಿಗೆ 200 ಲೀಟರ್ ಬೇಕು. ಅಂದರೆ 10 ಲೀಟರಿನ 20 ಕೊಡ. 5 ಸೆಂಟ್ಸಿಗೆ 100 ಕೊಡ. ಒಂದು ವಾರ ಉತ್ಸಾಹದಿಂದ ಹೊರುತ್ತಾರೆ, ಎರಡನೇ ವಾರ ಮಡಿ ಒಣಗುತ್ತದೆ. ಮೊದಲ ವರ್ಷಕ್ಕೆ ಒಂದೇ ಸೆಂಟ್, ಆರು ಮಡಿ.

ಕಲ್ಲು ಅರ್ಧ ಅಡಿಗೇ ಸಿಗುವುದರಿಂದ ಕೆಳಗೆ ಅಗೆಯುವ ಬದಲು ಮೇಲೆ ಕಟ್ಟಿ. 10 ಅಡಿ ಉದ್ದ, 3 ಅಡಿ ಅಗಲ. ಮೂರಡಿಗಿಂತ ಅಗಲವಾದರೆ ಮಕ್ಕಳ ಕೈ ನಡುವಿಗೆ ಎಟಕದೆ ಮಡಿಯ ಒಳಗೆ ಕಾಲಿಡುತ್ತಾರೆ, ಮಣ್ಣು ಗಟ್ಟಿಯಾಗುತ್ತದೆ. ನಾಲ್ಕು ಮಡಿಗಳಿಗೆ ಕೆಂಪುಕಲ್ಲಿನ ಒಂದೇ ವರಸೆ ಸಾಕು. ಎರಡು ಮಡಿಗಳಿಗೆ ಮೂರು ವರಸೆ ಕಟ್ಟಿದರೆ ಎತ್ತರ ಸುಮಾರು ಎರಡಡಿ ಆಗುತ್ತದೆ. ಮಂಡಿನೋವಿನವರು ಅದರ ಅಂಚಿನಲ್ಲಿ ಕುಳಿತು, ಬಗ್ಗದೆ ಕೆಲಸ ಮಾಡಬಹುದು. ಕಲ್ಲಿನ ಉದ್ದ 14 ಇಂಚು ಎಂದು ಹಿಡಿದರೆ ಒಂದು ವರಸೆಗೆ 22–23 ಕಲ್ಲು, ಮೂರು ವರಸೆಯ ಮಡಿಗೆ ಹತ್ತಿರ ಹತ್ತಿರ 70. ಸಿಮೆಂಟ್ ಬೇಡ. ಕೆಳಗಿನ ವರಸೆಯಲ್ಲಿ ನಾಲ್ಕು ಕಲ್ಲಿಗೊಮ್ಮೆ ಒಂದಿಂಚು ಸಂದು ಬಿಡಿ. ಇದನ್ನು ಮರೆತರೆ ಮಳೆಗಾಲದಲ್ಲಿ ಮಡಿ ತೊಟ್ಟಿಯಾಗುತ್ತದೆ. ವಾಕರಿನವರಿಗಾಗಿ ಈ ಎರಡು ಮಡಿಗಳ ಸುತ್ತ 4 ಅಡಿ ದಾರಿ ಬೇಕು. ದಾರಿಗೆ ಚರಳು ಹಾಕಿ ಗುಮ್ಮಸಿನಲ್ಲಿ ಬಡಿದು ಗಟ್ಟಿ ಮಾಡಿ, ಇಲ್ಲದಿದ್ದರೆ ಪಾಚಿ ಹಿಡಿದು ಜಾರುತ್ತದೆ.

ಎತ್ತರದ ಮಡಿಯ ಕೆಳಗಿನ ಒಂದಡಿಗೆ ತೆಂಗಿನ ಸಿಪ್ಪೆಯನ್ನು ಒಳಗಿನ ಗುಳಿಭಾಗ ಮೇಲೆ ಬರುವಂತೆ ಜೋಡಿಸಿ, ಸಂದಿಗೆ ತರಗೆಲೆ ತುರುಕಿ. ಸಿಪ್ಪೆ ಬೇಸಗೆಗೆ ನೀರು ಹಿಡಿದಿಡುತ್ತದೆ. ಮೇಲಿನ ಒಂದಡಿಗೆ 30 ಘನ ಅಡಿ ಮಿಶ್ರಣ ಬೇಕು: ಎರಡು ಪಾಲು ಮಣ್ಣು, ಒಂದು ಪಾಲು ಹಳೆಯ ಹಟ್ಟಿಗೊಬ್ಬರ, ಒಂದು ಪಾಲು ಕೊಳೆತ ಸೊಪ್ಪು. ನಮ್ಮ ಮಣ್ಣು ಹುಳಿ, ಆದ್ದರಿಂದ ಸೆಂಟಿಗೆ 2 ಕಿಲೋ ಲೆಕ್ಕದಲ್ಲಿ ಮಡಿಗೆ ಸುಮಾರು 150 ಗ್ರಾಂ ಸುಣ್ಣವನ್ನು ಮೊದಲು ಮಣ್ಣಿಗೆ ಮಾತ್ರ ಬೆರೆಸಿ ಎರಡು ವಾರ ಬಿಡಿ. ಗೊಬ್ಬರ ಆಮೇಲೆ. ಎರಡನ್ನೂ ಒಟ್ಟಿಗೆ ಹಾಕಿದರೆ ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತದೆ. ಹಸಿ ಸೆಗಣಿ ಬೇಡವೇ ಬೇಡ, ಕುರುವಾಯಿಯ (ತೆಂಗಿನ ಸುಳಿ ಕೊರೆಯುವ ದುಂಬಿಯ) ಹುಳ ಸೇರಿಕೊಳ್ಳುತ್ತದೆ. ಒಂದು ಮಳೆಗಾಲ ಕಳೆದಾಗ ಸಿಪ್ಪೆ ಕುಸಿದು ಮಡಿ ಮೂರ್ನಾಲ್ಕು ಇಂಚು ಇಳಿದೀತು. ಅದಕ್ಕಾಗಿ ಮಿಶ್ರಣದಲ್ಲಿ ಒಂದಿಷ್ಟು ತೆಗೆದಿಡಿ.

ಬಸಳೆಚಪ್ಪರ

ಮಣ್ಣಿನ ವಿಷಯ ಮೇಲಿನವರು ಸರಿಯಾಗಿ ಹೇಳಿದ್ದಾರೆ. ನಾನು ಜನರ ವಿಷಯ ಬರೆಯುತ್ತೇನೆ, ತೋಟ ಹಾಳಾಗುವುದು ಹೆಚ್ಚಾಗಿ ಅಲ್ಲೇ.

ಹಿರಿಯರನ್ನು ಅತಿಥಿಗಳಂತೆ ಕರೆದು, ಶಾಲು ಹೊದೆಸಿ, ಭಾಷಣ ಮಾಡಿಸಿದರೆ ಅವರು ಎರಡನೇ ಸಲ ಬರುವುದಿಲ್ಲ. ಅವರಿಲ್ಲದೆ ತೋಟ ನಡೆಯದು ಅನ್ನುವಂಥ ಕೆಲಸ ಕೊಡಿ. ಯಾವ ಬೀಜ, ಯಾವ ದಿನ ಬಿತ್ತುವುದು, ಚಪ್ಪರ ಎಷ್ಟು ಎತ್ತರ, ಕಾಯಿ ಬೀಜಕ್ಕೆ ಬಿಡುವುದು ಯಾವ ಬಳ್ಳಿಯಲ್ಲಿ, ಈ ತೀರ್ಮಾನಗಳು ಅವರದೇ ಆಗಲಿ. ಟೀಚರ್ ಬರೆದುಕೊಳ್ಳಲಿ.

12 ಮಂದಿಗೆ 48 ಮಕ್ಕಳು ಅಂದರೆ ಒಬ್ಬರಿಗೆ ನಾಲ್ಕು. ಮಂಗಳವಾರ 6 ಹಿರಿಯರು 24 ಮಕ್ಕಳು, ಗುರುವಾರ ಉಳಿದವರು, ಕೊನೆಯ ಪೀರಿಯಡ್. ವರ್ಷ ಪೂರ್ತಿ ಅದೇ ಗುಂಪು ಇರಲಿ, ತಿಂಗಳಿಗೊಮ್ಮೆ ಬದಲಿಸಿದರೆ ಸಲಿಗೆ ಬೆಳೆಯುವುದಿಲ್ಲ. ಸ್ವಂತ ಮೊಮ್ಮಗುವನ್ನು ಅಜ್ಜಿಯ ಗುಂಪಿಗೆ ಹಾಕದಿರುವುದು ಒಳ್ಳೆಯದು, ಉಳಿದ ಮೂರು ಮಕ್ಕಳು ಹೊರಗಿನವರಾಗುತ್ತಾರೆ. ಮೊಮ್ಮಕ್ಕಳು ಊರಲ್ಲಿಲ್ಲದ ಹಿರಿಯರನ್ನೂ ಕೇಳಿ, ತಪ್ಪದೆ ಬರುವವರು ಹೆಚ್ಚಾಗಿ ಅವರೇ. ಶುಕ್ರವಾರ ಮಧ್ಯಾಹ್ನ ಜುಮಾ ಇರುವುದರಿಂದ ಆ ದಿನ ಬೇಡ. ಅಡಿಕೆ ಕೊಯ್ಲಿನ ಸಮಯದಲ್ಲಿ ಒಂದಿಬ್ಬರು ಬಾರದಿರಬಹುದು, ಬದಲಿ ಯಾರೆಂದು ಮೊದಲೇ ಗೊತ್ತುಮಾಡಿ.

ಸಾಮಾನ್ಯವಾಗಿ ಆಗುವ ಒಂದು ತಪ್ಪು: ಮಕ್ಕಳ ಕೈ ನಿಧಾನ ಎಂದು ಹಿರಿಯರೇ ಹಾರೆ ತೆಗೆದುಕೊಂಡು ಎಲ್ಲ ಮುಗಿಸುತ್ತಾರೆ. ಮೂರು ವಾರದಲ್ಲಿ ಮಕ್ಕಳು ನೋಡುತ್ತಾ ನಿಲ್ಲುವವರಾಗುತ್ತಾರೆ. ಹಿರಿಯರು ಒಂದು ಗುಳಿ ತೆಗೆದು ತೋರಿಸುವುದು, ಉಳಿದ ಮೂರು ಗುಳಿಗಳನ್ನು ಮಕ್ಕಳು ತೆಗೆಯುವುದು ಎಂದು ಮೊದಲ ದಿನವೇ ಮಾತಾಗಲಿ. ಕತ್ತಿ, ಪಿಕ್ಕಾಸು ಮಾತ್ರ ದೊಡ್ಡವರ ಕೈಯಲ್ಲಿ. ಯಾವ ಹೊತ್ತಿಗೂ ಒಬ್ಬ ಟೀಚರ್ ತೋಟದಲ್ಲೇ ಇರಬೇಕು. ಮಳೆಗಾಲದಲ್ಲಿ ಇಲಿಜ್ವರದ ಭಯ ಇರುವುದರಿಂದ ಕಾಲಲ್ಲಿ ಗಾಯ ಇದ್ದವರು, ಮಕ್ಕಳಾಗಲಿ ಹಿರಿಯರಾಗಲಿ, ಕೆಸರಿಗೆ ಇಳಿಯಬಾರದು.

ಭಾಷೆಯನ್ನು ತೊಡಕು ಎಂದು ಎಣಿಸಬೇಡಿ. ಹಾಗಲಕ್ಕೆ ತುಳುವಿನಲ್ಲಿ ಕಂಚಾಲ್, ಮಲಯಾಳದಲ್ಲಿ ಪಾವಯ್ಕ. ಕೆಸು ತೇವು ಆಗುತ್ತದೆ, ಚೇಂಬು ಆಗುತ್ತದೆ. ಹೆಸರಿನ ಹಲಗೆಯಲ್ಲಿ ಮೂರನ್ನೂ ಕನ್ನಡ ಲಿಪಿಯಲ್ಲೇ ಬರೆಯಿಸಿ. ಮನೆಯಲ್ಲಿ ಬ್ಯಾರಿಯೋ ಮರಾಠಿಯೋ ಆಡುವ ಅಜ್ಜಿ ಇದ್ದರೆ ನಾಲ್ಕನೆಯ ಹೆಸರನ್ನು ಅವರ ಬಾಯಿಂದಲೇ ಕೇಳಿ ಬರೆಯಲಿ.

ಕೊಯ್ದದ್ದನ್ನು ತೂಗಿ ಪುಸ್ತಕದಲ್ಲಿ ಬರೆದು ಮೊದಲು ಮಧ್ಯಾಹ್ನದ ಅಡುಗೆಗೆ ಕೊಡಿ. ಎಷ್ಟು ಕಿಲೋ ಯಾವ ದಿನ ಬೇಕೆಂದು ಅಡುಗೆಯವರನ್ನು ಮೊದಲೇ ಕೇಳಿ, ಅರ್ಧ ಕಿಲೋ ಬೆಂಡೆ ತಂದಿಟ್ಟರೆ ಅವರಿಗೆ ಉಪದ್ರವೇ.

ಟೀಚರ್_ಬದಿಯಡ್ಕ

ಇಬ್ಬರಿಗೂ ತುಂಬಾ ಉಪಕಾರ. ಇನ್ನೆರಡು ಸಂಶಯ. ಹುಳಕ್ಕೆ ಏನಾದರೂ ಸಿಂಪಡಿಸುತ್ತೀರಾ ಎಂದು ಹೆತ್ತವರು ಈಗಲೇ ಕೇಳುತ್ತಿದ್ದಾರೆ. ಮತ್ತೆ ಏಪ್ರಿಲ್-ಮೇ ರಜೆಗೆ ಏನು ಮಾಡುವುದು?

ಸುರಂಗದ_ನೀರು

ಹೆತ್ತವರು ಕೇಳುವುದು ನ್ಯಾಯವೇ. ಗೇರುತೋಟಗಳ ಮೇಲೆ 2000ದ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಜಿಲ್ಲೆ ಇದು. ಎಣ್ಮಕಜೆಯಂಥ ಊರುಗಳಲ್ಲಿ ಅದರ ನೋವು ಇನ್ನೂ ಮನೆಯೊಳಗೆ ಉಂಟು. ಅಂಗಡಿಯ ವಿಷ ಈ ತೋಟಕ್ಕೆ ಬರುವುದಿಲ್ಲ ಎಂದು ಮೊದಲ ಸಭೆಯಲ್ಲೇ ಬರೆದು ಓದಿ ಹೇಳಿ.

ಅಲಸಂಡೆಯ ಹೇನಿಗೆ ಬೆಳಿಗ್ಗೆ ಇಬ್ಬನಿ ಇರುವಾಗ ಜರಡಿ ಹಿಡಿದ ಬೂದಿ ಎರಚಿ. ತಗ್ಗದಿದ್ದರೆ ಒಂದು ಲೀಟರ್ ನೀರಿಗೆ 20 ಮಿಲಿ ಬೇವಿನೆಣ್ಣೆ, ಜಜ್ಜಿ ಸೋಸಿದ 20 ಗ್ರಾಂ ಬೆಳ್ಳುಳ್ಳಿಯ ರಸ, 5 ಗ್ರಾಂ ಬಾರ್ ಸೋಪು. ಸೋಪನ್ನು ಮೊದಲು ನೀರಲ್ಲಿ ಕರಗಿಸಿ ಆಮೇಲೆ ಎಣ್ಣೆ ಹೊಯ್ಯಬೇಕು, ಇಲ್ಲದಿದ್ದರೆ ಎಣ್ಣೆ ತೇಲಿ ಎಲೆ ಸುಡುತ್ತದೆ. ಸಂಜೆ ಮಾತ್ರ ಸಿಂಪಡಿಸಿ. ಹಾಗಲ, ಪಡವಲಕ್ಕೆ ಹೂ ಉದುರಿ ಮಿಡಿ ಕಂಡ ಕೂಡಲೇ ಕಾಗದದ ತೊಟ್ಟೆ ಕಟ್ಟಿ. ಎರಡು ದಿನ ತಡವಾದರೆ ನೊಣ ಚುಚ್ಚಿ ಆಗಿರುತ್ತದೆ. ಕೊಳೆತು ಬಿದ್ದ ಕಾಯಿಯನ್ನು ಗೊಬ್ಬರಗುಂಡಿಗೆ ಹಾಕದೆ ನೀರಲ್ಲಿ ಮುಳುಗಿಸಿಡಿ. ಕೆಂಪು ಹರಿವೆಗೆ ಎಲೆಚುಕ್ಕೆ ಬೇಗ ಬರುತ್ತದೆ, ನಡುನಡುವೆ ಹಸಿರು ಹರಿವೆ ಬಿತ್ತಿ ಮತ್ತು ನೀರನ್ನು ಎಲೆಗಲ್ಲ, ಬುಡಕ್ಕೆ ಹಾಕಿ.

ಬದನೆ ಇದ್ದಕ್ಕಿದ್ದಂತೆ ಬಾಡಿದರೆ ಬುಡದ ಕಾಂಡ ಕತ್ತರಿಸಿ ಗಾಜಿನ ಲೋಟದ ನೀರಲ್ಲಿ ನಿಲ್ಲಿಸಿ. ಹಾಲಿನಂಥ ಎಳೆ ಇಳಿದು ಬಂದರೆ ಅದು ಬ್ಯಾಕ್ಟೀರಿಯಾದ ಸೊರಗು ರೋಗ. ಮಕ್ಕಳಿಗೆ ಒಳ್ಳೆಯ ವಿಜ್ಞಾನ ಪಾಠವೂ ಆಯಿತು. ಗಿಡ ಕಿತ್ತು ಸುಟ್ಟು, ಆ ಮಡಿಯಲ್ಲಿ ಮುಂದಿನ ಸಲ ಬದನೆ, ಟೊಮೆಟೊ, ಮೆಣಸು ಬಿಟ್ಟು ಅಲಸಂಡೆ ಹಾಕಿ. ಈ ರೋಗ ತಡೆಯುವ ಸೂರ್ಯ, ಶ್ವೇತ, ಹರಿತ ಬದನೆ ತಳಿಗಳನ್ನು ಕೃಷಿಭವನದಲ್ಲಿ ವಿಚಾರಿಸಿ.

ರಜೆಗೆ ಉತ್ತರ ಸುವರ್ಣಗಡ್ಡೆ. ಕುಂಭದಲ್ಲಿ ನೆಟ್ಟರೆ ನೀರಿನ ಕೊಡದಷ್ಟು ದೊಡ್ಡ ಗಡ್ಡೆ ಎಂದು ಮಲಯಾಳದಲ್ಲಿ ಗಾದೆಯೇ ಉಂಟು. ಕುಂಭ ಅಂದರೆ ಫೆಬ್ರವರಿ ನಡುವಿನಿಂದ ಮಾರ್ಚ್ ನಡುವಿನ ತನಕ. ಎತ್ತರದ ಎರಡು ಮಡಿಗಳಲ್ಲಿ ಒಂದನ್ನು ಫೆಬ್ರವರಿ ಕೊನೆಗೆ ಖಾಲಿ ಮಾಡಿ, ಮೂರಡಿಗೆ ಒಂದರಂತೆ ಮೂರು ಗಡ್ಡೆ. ಮೊಳಕೆಯ ತುಂಡು ಇರುವ ಹೋಳು ಒಂದೊಂದು ಕಿಲೋ ಇರಲಿ, ಸೆಗಣಿ ನೀರಲ್ಲಿ ಅದ್ದಿ ನೆರಳಲ್ಲಿ ಒಣಗಿಸಿ ನೆಡಿ. ಗುಳಿಗೆ ಎರಡು ಕಿಲೋ ಗೊಬ್ಬರ, ಮೇಲೆ ದಪ್ಪಕ್ಕೆ ತರಗೆಲೆ. ಕೀಳಲು 9 ತಿಂಗಳು ಬೇಕು, ಆದ್ದರಿಂದ ಆ ಮಡಿ ಅಕ್ಟೋಬರ್ ಬಿತ್ತನೆಗೆ ಸಿಗದು. ಮುಂದಿನ ವರ್ಷ ಇನ್ನೊಂದರಲ್ಲಿ ನೆಡಿ. ಕೀಳುವಾಗ ಮಕ್ಕಳ ಕೈಗೆ ತೆಂಗಿನೆಣ್ಣೆ ಹಚ್ಚಿಸಿ, ತುರಿಸುತ್ತದೆ.

ರಜೆಯಲ್ಲಿ ನೀರು ಬೇಕಾಗುವುದು ಬಸಳೆ, ತೊಂಡೆ ಹಾಕಿದ್ದರೆ ಅವಕ್ಕೆ ಮಾತ್ರ. 12 ಮನೆಗಳಿಗೆ ಐದೈದು ದಿನ ಹಂಚಿದರೆ 60 ದಿನ, ಏಪ್ರಿಲ್-ಮೇ ಹೆಚ್ಚುಕಡಿಮೆ ಮುಗಿಯಿತು. ಬಾವಿ ತಳ ಕಂಡರೆ ತೊಂಡೆಯನ್ನು ಬುಡದಿಂದ ಒಂದಡಿಗೆ ಸವರಿಬಿಡಿ, ಮಳೆಗೆ ಚಿಗುರುತ್ತದೆ. ಬೀಜಕ್ಕೆ ಬಿಟ್ಟ ಸೌತೆಕಾಯಿಗಳನ್ನು ಬಾಳೆಬಳ್ಳಿಯಲ್ಲಿ ಕಟ್ಟಿ ಶಾಲೆಯ ಅಡುಗೆಮನೆಯ ಮಾಡಿಗೆ ತೂಗುಹಾಕಿ. ಪ್ರತಿ ಕಾಯಿಗೂ ಕೊಯ್ದ ತಾರೀಕು ಮತ್ತು ಬೀಜ ಕೊಟ್ಟ ಅಜ್ಜಿಯ ಹೆಸರಿನ ಚೀಟಿ ಇರಲಿ.